ಕೌಂಟರ್ ಕಿತ್ತುಹಾಕಿದ ಅಂಗಡಿ ಹುಡುಗ

ಸೂಪರ್ ಮಾರ್ಕೆಟ್ಟಿಗೆ ಹೋದಾಗ ನಾವು ಎಷ್ಟು ಕೆಲಸ ಮಾಡ್ತೀವಿ ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀರಾ ಗೆಳೆಯರೇ? ಬಾಗಿಲಲ್ಲಿ ಬುಟ್ಟಿ ತಗೋತೀವಿ. ಸೋಪು ಎಲ್ಲಿದೆ, ಬಿಸ್ಕತ್ತು ಎಲ್ಲಿದೆ ಅಂತ ನಾವೇ ಹುಡುಕ್ತೀವಿ. ಬೆಲೆ ನಾವೇ ಓದ್ತೀವಿ, ಎರಡು ಕಂಪನಿಯದ್ದು ಹೋಲಿಸಿ ನೋಡ್ತೀವಿ, ಬೇಡ ಅನ್ನಿಸಿದರೆ ವಾಪಸ್ ಇಡ್ತೀವಿ. ಕೊನೆಗೆ ಭಾರದ ಬುಟ್ಟಿಯನ್ನ ಬಿಲ್ ಕೌಂಟರ್ ತನಕ ನಾವೇ ಹೊತ್ತು ತರ್ತೀವಿ. ಇದೆಲ್ಲ ಒಂದು ಕಾಲದಲ್ಲಿ ಅಂಗಡಿಯ ಹುಡುಗರು ಸಂಬಳ ತಗೊಂಡು ಮಾಡ್ತಿದ್ದ ಕೆಲಸ. ಈಗ ನಾವು ಪುಕ್ಕಟೆ ಮಾಡ್ತಿದ್ದೀವಿ, ಅದನ್ನೇ ಸ್ವಾತಂತ್ರ್ಯ ಅಂದುಕೊಂಡು ಖುಷಿಯಾಗಿಯೂ ಇದ್ದೀವಿ.

ಅಮೆರಿಕ, ಇಂಗ್ಲೆಂಡಿನಂಥ ದೇಶಗಳಲ್ಲಿ ಉಳಿದಿದ್ದ ಕೊನೆಯ ಕೆಲಸವೂ ಗ್ರಾಹಕನ ಕೈಗೆ ಬಂದಿದೆ. ಬಾರ್‌ಕೋಡ್ ಸ್ಕ್ಯಾನ್ ಮಾಡೋದು, ದುಡ್ಡು ಕಟ್ಟೋದು, ಚೀಲಕ್ಕೆ ತುಂಬೋದು ಎಲ್ಲ ಅವನದ್ದೇ. ಇದಕ್ಕೆ ಸೆಲ್ಫ್ ಚೆಕ್‌ಔಟ್ ಅಂತ ಹೆಸರು. ಇದರಿಂದ ಕ್ಯಾಷಿಯರ್‌ಗಳ ಕೆಲಸ ಹೋಗುತ್ತಾ ಅನ್ನೋದು ಅಲ್ಲಿ ದೊಡ್ಡ ಚರ್ಚೆ. ಆದರೆ ಈ ಚರ್ಚೆಯ ಬೇರು ಕಂಪ್ಯೂಟರಿಗಿಂತ ಹಳೆಯದು. ಬೇರು ಹುಡುಕಿಕೊಂಡು ಹೋದರೆ ಸಿಗುವವನು ಕ್ಲಾರೆನ್ಸ್ ಸಾಂಡರ್ಸ್. ಸೂಪರ್ ಮಾರ್ಕೆಟ್ಟಿನ ಕ್ಯಾಷಿಯರ್ ಅನ್ನುವ ಕೆಲಸಕ್ಕೆ ಈಗಿನ ರೂಪ ಕೊಟ್ಟವನು ಇವನೇ. ಆಮೇಲೆ ಆ ಕೆಲಸವನ್ನ ತೆಗೆದುಹಾಕಬೇಕು ಅಂತ ಸಾಯುವ ತನಕ ಹೆಣಗಾಡಿದವನೂ ಇವನೇ.

ಕೌಂಟರ್ ಹಿಂದಿನ ಹುಡುಗ

ಸಾಂಡರ್ಸ್ ಹುಟ್ಟಿದ್ದು 1881ರ ಆಗಸ್ಟ್ 9ರಂದು, ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ. ಬಡವರ ಮನೆ. ಹುಡುಗ ಚಿಕ್ಕವನಿದ್ದಾಗಲೇ ಕುಟುಂಬ ಟೆನೆಸಿ ರಾಜ್ಯಕ್ಕೆ ಬಂತು. ಓದು ಹೆಚ್ಚು ದಿನ ನಡೆಯಲಿಲ್ಲ. 14ನೇ ವಯಸ್ಸಿಗೆ ಶಾಲೆ ಬಿಟ್ಟು ಒಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡ. ನಡುವೆ ಅಲಬಾಮಾದ ಒಂದು ಕೋಕ್ ಕಾರ್ಖಾನೆಯಲ್ಲಿ, ಟೆನೆಸಿಯ ಒಂದು ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದ. ಮತ್ತೆ ದಿನಸಿ ವ್ಯಾಪಾರಕ್ಕೇ ಬಂದ. 19ನೇ ವಯಸ್ಸಿಗೆ ಒಬ್ಬ ಸಗಟು ವ್ಯಾಪಾರಿಯ ಹತ್ತಿರ ತಿಂಗಳಿಗೆ 30 ಡಾಲರ್ ಸಂಬಳದ ಸೇಲ್ಸ್‌ಮನ್ ಆಗಿದ್ದ. 1902ರಲ್ಲಿ ಮೆಂಫಿಸ್ ನಗರಕ್ಕೆ ಬಂದ. ಮುಂದೆ ಏರಿದ್ದೂ ಬಿದ್ದದ್ದೂ ಅದೇ ಊರಿನಲ್ಲಿ.

ಆ ಕಾಲದ ಅಮೆರಿಕದ ದಿನಸಿ ಅಂಗಡಿ ಹೇಗಿತ್ತು ಅಂತ ತಿಳಿಯೋಕೆ ನಮ್ಮೂರ ಶೆಟ್ಟರ ಅಂಗಡಿಯನ್ನ ನೆನಪಿಸಿಕೊಂಡರೆ ಸಾಕು. ಮುಂದೆ ಅಡ್ಡಲಾಗಿ ಕೌಂಟರ್. ಹಿಂದೆ ಸೂರು ಮುಟ್ಟುವ ತನಕ ಸಾಮಾನು. ಗ್ರಾಹಕರು ಚೀಟಿ ಕೊಡಬೇಕು, ಇಲ್ಲವೇ ಒಂದೊಂದಾಗಿ ಹೇಳಬೇಕು. ಅಂಗಡಿಯ ಹುಡುಗ ಪೀಪಾಯಿಯಿಂದ ಹಿಟ್ಟು ತೆಗೆದು ತೂಗಿ, ಸಕ್ಕರೆ ತೂಗಿ, ಪೊಟ್ಟಣ ಕಟ್ಟಿ, ಮೇಲಿನ ಹಲಗೆಯ ಡಬ್ಬ ಇಳಿಸಿ, ಲೆಕ್ಕ ಬರೆದು ಕೊಡಬೇಕು. ಒಬ್ಬರದು ಮುಗಿಯುವ ತನಕ ಉಳಿದವರು ನಿಂತು ಕಾಯಬೇಕು. ಎಷ್ಟೋ ಜನ ಸಾಲಕ್ಕೇ ಒಯ್ಯುತ್ತಿದ್ದರು, ತಿಂಗಳ ಕೊನೆಗೆ ತೀರಿಸುತ್ತಿದ್ದರು. ಸಾಮಾನು ಮನೆಗೆ ತಲುಪಿಸುವುದೂ ಅಂಗಡಿಯದೇ ಜವಾಬ್ದಾರಿ.

ಸಗಟು ವ್ಯಾಪಾರದಲ್ಲಿದ್ದ ಸಾಂಡರ್ಸ್ ಎಷ್ಟೋ ಸಣ್ಣ ಅಂಗಡಿಗಳು ಬಾಗಿಲು ಹಾಕುವುದನ್ನ ಹತ್ತಿರದಿಂದ ನೋಡಿದ. ಆತನ ಲೆಕ್ಕದಲ್ಲಿ ಅದಕ್ಕೆ ಕಾರಣ ಎರಡು. ಒಂದು, ವಾಪಸ್ ಬಾರದ ಸಾಲ. ಇನ್ನೊಂದು, ಅಂಗಡಿ ನಡೆಸುವ ಖರ್ಚು. ಆ ಖರ್ಚಿನಲ್ಲಿ ಕೆಲಸದವರ ಸಂಬಳ ಸೇರಿತ್ತು. ಅಂದರೆ ತಾನು 14ನೇ ವಯಸ್ಸಿನಲ್ಲಿ ಮಾಡಿದ ಕೆಲಸವೇ ಈಗ ಆತನ ಕಣ್ಣಿಗೆ ದಂಡದ ಖರ್ಚಾಗಿ ಕಂಡಿತು. 1915ರಲ್ಲಿ ಸಾಂಡರ್ಸ್-ಬ್ಲ್ಯಾಕ್‌ಬರ್ನ್ ಅನ್ನುವ ಸಗಟು ಕಂಪನಿ ಕಟ್ಟಿ, ನಗದು ಕೊಟ್ಟರೆ ಮಾತ್ರ ಸಾಮಾನು ಅಂತ ನಿಯಮ ಮಾಡಿದ. ಅಂಗಡಿಯವರಿಗೂ ಹಾಗೇ ಮಾಡಿ ಅಂತ ಹೇಳುತ್ತಾ ಹೋದ. ಹೇಳಿದ್ದು ಸಾಲದು ಅನ್ನಿಸಿದಾಗ ತಾನೇ ಒಂದು ಅಂಗಡಿ ತೆರೆದ.

1916ರ ಸೆಪ್ಟೆಂಬರ್

ಮೆಂಫಿಸ್‌ನ 79, ಜೆಫರ್ಸನ್ ಅವೆನ್ಯೂ. ಅಂಗಡಿಯ ಹೆಸರು ಪಿಗ್ಲಿ ವಿಗ್ಲಿ. ಇದೇನು ಹೆಸರು ಅಂತ ಕೇಳಿದವರಿಗೆಲ್ಲ, ಜನ ಹೀಗೆ ಕೇಳಲಿ ಅಂತಲೇ ಇಟ್ಟದ್ದು ಅನ್ನೋ ಅರ್ಥದ ಉತ್ತರ ಕೊಡುತ್ತಿದ್ದನಂತೆ. ಪ್ರಚಾರದಲ್ಲಿ ಆತ ಹಿಂದೆ ಬಿದ್ದವನಲ್ಲ.

ಹೊಸ ಅಂಗಡಿಯ ವಿನ್ಯಾಸ ನಮ್ಮ ಎಂಜಿನಿಯರಿಂಗ್ ಕಣ್ಣಿಗೆ ನಿಜಕ್ಕೂ ಚೆಂದ. ಒಳಗೆ ಬರಲು ಒಂದು ಕಡೆ ತಿರುಗುವ ಗೇಟು. ಅಲ್ಲೇ ಬುಟ್ಟಿ. ಮುಂದೆ ಹಾವಿನ ಹಾಗೆ ತಿರುಗುತ್ತಾ ಹೋಗುವ ಒಂದೇ ದಾರಿ, ಎರಡೂ ಬದಿಗೆ ಶೆಲ್ಫುಗಳು. ಒಳಗೆ ಕಾಲಿಟ್ಟವರು ಎಲ್ಲ ಸಾಮಾನಿನ ಮುಂದೆ ಹಾದೇ ಹೋಗಬೇಕು. ಪ್ರತಿ ವಸ್ತುವಿಗೂ ಬೆಲೆಯ ಚೀಟಿ. ಹಿಟ್ಟು ತೂಗುವ ಗೋಜಿಲ್ಲ, ಎಲ್ಲ ಮೊದಲೇ ಕಟ್ಟಿಟ್ಟ ಪೊಟ್ಟಣ, ಡಬ್ಬ. ದಾರಿ ಮುಗಿಯುವ ಕಡೆ ಒಂದು ಮೇಜು, ಅಲ್ಲಿ ಲೆಕ್ಕ ಕೂಡಿಸಿ ದುಡ್ಡು ತಗೊಳ್ಳುವ ಒಬ್ಬ ನೌಕರ. ಸಾಲ ಇಲ್ಲ, ಮನೆಗೆ ತಲುಪಿಸುವುದೂ ಇಲ್ಲ. ಇದಕ್ಕೆಲ್ಲ ಸೇರಿಸಿ ಸ್ವಯಂಸೇವೆಯ ಅಂಗಡಿ ಅಂತ ಅರ್ಜಿ ಹಾಕಿ 1917ರ ಅಕ್ಟೋಬರ್‌ನಲ್ಲಿ ಪೇಟೆಂಟ್ ಪಡೆದ. ಅದರ ಸಂಖ್ಯೆ 1242872. ಅಲ್ಲಲ್ಲಿ ಬೇರೆಯವರೂ ಇಂಥ ಪ್ರಯತ್ನ ಮಾಡಿದ್ದುಂಟು. ಆದರೆ ಬಾಗಿಲಿನಿಂದ ಬಾಗಿಲಿನ ತನಕ ಇಡೀ ಅಂಗಡಿಯನ್ನೇ ಒಂದು ಯಂತ್ರದ ಹಾಗೆ ಯೋಚಿಸಿ, ಅದೇ ಅಚ್ಚಿನಲ್ಲಿ ಸಾವಿರಾರು ಅಂಗಡಿ ಎಬ್ಬಿಸಬಹುದು ಅಂತ ತೋರಿಸಿದ್ದು ಸಾಂಡರ್ಸ್.

ಇಲ್ಲಿ ಒಂದು ನಿಮಿಷ ನಿಂತು ನೋಡೋಣ. ಹಳೆಯ ಅಂಗಡಿಯಲ್ಲಿ ಬಾಟಲ್‌ನೆಕ್ ಯಾವುದು? ಕೌಂಟರಿನ ಹುಡುಗ. ಮೂವರು ಹುಡುಗರಿದ್ದರೆ ಒಂದು ಹೊತ್ತಿಗೆ ಮೂವರು ಗ್ರಾಹಕರ ಕೆಲಸ ಮಾತ್ರ ನಡೆಯುತ್ತೆ. ಸಾಂಡರ್ಸ್ ಮಾಡಿದ್ದೇನು ಅಂದರೆ, ಹುಡುಕುವ, ತೆಗೆಯುವ, ಹೊರುವ ಕೆಲಸವನ್ನ ಗ್ರಾಹಕರಿಗೇ ಹಂಚಿಬಿಟ್ಟ. ನಲವತ್ತು ಜನ ಗ್ರಾಹಕರಿದ್ದರೆ ನಲವತ್ತು ಕೆಲಸವೂ ಒಟ್ಟಿಗೇ ನಡೆಯುತ್ತೆ. ನಮ್ಮ ಕಂಪ್ಯೂಟರ್ ಸೈನ್ಸಿನವರ ಭಾಷೆಯಲ್ಲಿ ಪ್ಯಾರಲಲ್ ಪ್ರೊಸೆಸಿಂಗ್. ಸಾಲು ನಿಲ್ಲಬೇಕಾದ್ದು ಕೊನೆಯ ಮೇಜಿನ ಹತ್ತಿರ ಮಾತ್ರ.

ಆ ಕೊನೆಯ ಮೇಜೇ ಸೂಪರ್ ಮಾರ್ಕೆಟ್ ಕ್ಯಾಷಿಯರ್ ಹುಟ್ಟಿದ ಜಾಗ. ಅಂಗಡಿಯ ಹಳೆಯ ಹುಡುಗನಿಗೆ ನೂರು ವಿದ್ಯೆ ಗೊತ್ತಿರಬೇಕಿತ್ತು. ಯಾವ ಅಕ್ಕಿ ಹಳೆಯದು, ಯಾವ ಮನೆಗೆ ಯಾವ ಕಾಫಿ, ಯಾರ ಬಾಕಿ ಎಷ್ಟು, ಎಲ್ಲ ಅವನ ತಲೆಯಲ್ಲೇ ಇರುತ್ತಿತ್ತು. ಆ ವಿದ್ಯೆಯನ್ನೆಲ್ಲ ಸಾಂಡರ್ಸ್ ಪೊಟ್ಟಣದ ಮೇಲಿನ ಅಕ್ಷರಕ್ಕೆ, ಬೆಲೆಯ ಚೀಟಿಗೆ, ಜಾಹೀರಾತಿಗೆ ಒಪ್ಪಿಸಿದ. ಮನುಷ್ಯನಿಗೆ ಉಳಿದದ್ದು ಎರಡೇ ಕೆಲಸ: ಶೆಲ್ಫ್ ತುಂಬು, ಇಲ್ಲವೇ ದುಡ್ಡು ಎಣಿಸು. ಹೀಗೆ ಕತ್ತರಿಸಿ ಸಣ್ಣದು ಮಾಡಿದ ಕೆಲಸವನ್ನ ಬೇಗ ಕಲಿಸಬಹುದು, ಕಡಿಮೆ ಸಂಬಳಕ್ಕೆ ಮಾಡಿಸಬಹುದು, ಮುಂದೊಂದು ದಿನ ಯಂತ್ರಕ್ಕೆ ಕೊಡುವುದೂ ಸುಲಭ. ಕ್ಯಾಷಿಯರ್ ಕೆಲಸಕ್ಕೆ ಬಂದ ಗಂಡಾಂತರ ಆ ಕೆಲಸ ಹುಟ್ಟಿದ ದಿನವೇ ಅದರ ಜೊತೆ ಹುಟ್ಟಿತ್ತು.

ಪೇಟೆಂಟಿನಲ್ಲಿ ಇನ್ನೊಂದು ವಿಷಯ ಇದೆ. ಅಂಗಡಿಯ ಒಳಗೆ ಎತ್ತರದಲ್ಲಿ ಗ್ಯಾಲರಿ. ಅಲ್ಲಿ ನಿಂತವರು ಗ್ರಾಹಕರಿಗೆ ತೊಂದರೆ ಕೊಡದೆ ಅವರನ್ನ ನೋಡುತ್ತಿರಬಹುದು. ಕೆಲಸವನ್ನ ಗ್ರಾಹಕನ ಕೈಗೆ ಕೊಟ್ಟ ಕೂಡಲೇ ಅವನ ಮೇಲೊಂದು ಕಣ್ಣೂ ಬೇಕಾಯಿತು. ಇವತ್ತಿನ ಸೆಲ್ಫ್ ಚೆಕ್‌ಔಟ್ ಯಂತ್ರದ ಮೇಲಿರುವ ಕ್ಯಾಮೆರಾ, ಚೀಲ ಇಡುವ ಜಾಗದ ಕೆಳಗಿರುವ ತೂಕದ ಸೆನ್ಸರ್, ಇವೆಲ್ಲ ಆ ಗ್ಯಾಲರಿಯ ಮೊಮ್ಮಕ್ಕಳು.

ಜನ ಒಪ್ಪಿಕೊಂಡರಾ? ಒಪ್ಪಿಕೊಂಡರು, ಯಾಕಂದ್ರೆ ಬೆಲೆ ಇಳಿಯಿತು. ಮೊದಲನೇ ಮಹಾಯುದ್ಧದ ಕಾಲ, ಊಟದ ಸಾಮಾನು ತುಟ್ಟಿ. ಕೆಲಸದವರ ಸಂಬಳ ಉಳಿದಿದ್ದರಲ್ಲಿ ಒಂದು ಪಾಲು ಗ್ರಾಹಕರಿಗೂ ಸಿಕ್ಕಿತು. ಇದು ಮುಖ್ಯ. ನೀನು ಸ್ವಲ್ಪ ಕೆಲಸ ಮಾಡು, ನಾನು ಸ್ವಲ್ಪ ಬೆಲೆ ಇಳಿಸ್ತೀನಿ ಅನ್ನುವ ಒಪ್ಪಂದ ಅದು. ಕೌಂಟರ್ ಹುಡುಗನನ್ನ ಮಾತ್ರ ಈ ಒಪ್ಪಂದಕ್ಕೆ ಯಾರೂ ಕರೆಯಲಿಲ್ಲ. ಹಾಗಂತ ಅಂಗಡಿ ಕೆಲಸಗಳೇ ನಾಶವಾದವು ಅಂತ ಹೇಳೋ ಹಾಗೂ ಇಲ್ಲ. ಅಂಗಡಿಗಳು ದೊಡ್ಡದಾದವು, ಹೆಚ್ಚಾದವು, ಹೊಸ ಕೆಲಸಗಳು ಬಂದವು. ಕೆಲಸ ಇತ್ತು, ಅದರ ರೂಪ ಮತ್ತು ಬೆಲೆ ಬದಲಾಯಿತು.

ಏರಿದ್ದು, ಬಿದ್ದದ್ದು

1922ರ ಹೊತ್ತಿಗೆ 29 ರಾಜ್ಯಗಳಲ್ಲಿ ಸುಮಾರು 1200 ಪಿಗ್ಲಿ ವಿಗ್ಲಿ ಅಂಗಡಿಗಳಿದ್ದವು. ಕೆಲವು ಕಂಪನಿಯವು, ಉಳಿದವು ಹೆಸರು ಮತ್ತು ವಿನ್ಯಾಸ ಪಡೆದು ನಡೆಸುತ್ತಿದ್ದ ಫ್ರಾಂಚೈಸಿಗಳು. ಅದೇ ವರ್ಷ ಕಂಪನಿಯ ಷೇರು ನ್ಯೂಯಾರ್ಕ್ ಷೇರುಪೇಟೆಗೆ ಬಂತು. ಮೆಂಫಿಸ್‌ನಲ್ಲಿ ಸಾಂಡರ್ಸ್ ಗುಲಾಬಿ ಬಣ್ಣದ ಅಮೃತಶಿಲೆಯ ಒಂದು ಮಹಲು ಕಟ್ಟಿಸೋಕೆ ಶುರುಮಾಡಿದ. ಊರವರು ಅದನ್ನ ಪಿಂಕ್ ಪ್ಯಾಲೇಸ್ ಅಂತಲೇ ಕರೆದರು.

ಆ ವರ್ಷದ ಕೊನೆಗೆ ನ್ಯೂಯಾರ್ಕ್ ಕಡೆಯ ಕೆಲವು ಫ್ರಾಂಚೈಸಿ ಅಂಗಡಿಗಳು ಮುಳುಗಿದವು. ಅವಕ್ಕೂ ಮೂಲ ಕಂಪನಿಯ ಲಾಭನಷ್ಟಕ್ಕೂ ನೇರ ಸಂಬಂಧ ಇರಲಿಲ್ಲ. ಆದರೂ ಪಿಗ್ಲಿ ವಿಗ್ಲಿ ಬೀಳುತ್ತೆ ಅಂತ ಲೆಕ್ಕ ಹಾಕಿದ ಷೇರುಪೇಟೆಯ ಕುಳಗಳು ಶಾರ್ಟ್ ಸೆಲ್ಲಿಂಗ್ ಶುರುಮಾಡಿದರು. ಅಂದರೆ, ಇಲ್ಲದ ಷೇರನ್ನ ಸಾಲ ತಂದು ಮಾರೋದು, ಬೆಲೆ ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ವಾಪಸ್ ಕೊಡೋದು, ನಡುವಿನ ವ್ಯತ್ಯಾಸ ಜೇಬಿಗೆ. ಸಾಂಡರ್ಸ್‌ಗೆ ರೋಷ ಬಂತು. ಬ್ಯಾಂಕುಗಳಿಂದ ಸುಮಾರು 1 ಕೋಟಿ ಡಾಲರ್ ಸಾಲ ಎತ್ತಿದ. ಆ ಕಾಲದ ಷೇರುಪೇಟೆಯ ಪಳಗಿದ ಆಟಗಾರ ಜೆಸ್ಸಿ ಲಿವರ್‌ಮೋರ್‌ನನ್ನ ನೇಮಿಸಿಕೊಂಡು ತನ್ನ ಕಂಪನಿಯ ಷೇರುಗಳನ್ನ ತಾನೇ ಕೊಳ್ಳುತ್ತಾ ಹೋದ. ಇದ್ದ 2 ಲಕ್ಷ ಷೇರುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆತನ ಕೈಗೆ ಬಂದವು. 1923ರ ಮಾರ್ಚ್ 20ರಂದು, ಮಾರಿದವರೆಲ್ಲ ಷೇರು ತಂದು ಒಪ್ಪಿಸಿ ಅಂತ ಕೇಳಿದ. ಒಪ್ಪಿಸೋಕೆ ಅವರ ಹತ್ತಿರ ಷೇರೇ ಇಲ್ಲ. ಬೆಲೆ ಒಂದೇ ದಿನದಲ್ಲಿ 124 ಡಾಲರ್ ಮುಟ್ಟಿತು.

ಆಟ ಗೆದ್ದೇಬಿಟ್ಟ ಅನ್ನುವ ಹೊತ್ತಿಗೆ ಷೇರುಪೇಟೆಯೇ ನಿಯಮ ಬದಲಿಸಿತು. ಆ ಷೇರಿನ ವಹಿವಾಟು ನಿಲ್ಲಿಸಿ, ಷೇರು ಒಪ್ಪಿಸುವ ಗಡುವು ಮುಂದೆ ಹಾಕಿತು. ಸಿಕ್ಕ ಸಮಯದಲ್ಲಿ ಎದುರಾಳಿಗಳು ಅಲ್ಲಿ ಇಲ್ಲಿ ಹುಡುಕಿ ಷೇರು ಹೊಂದಿಸಿಕೊಂಡು ಪಾರಾದರು. ಸಾಂಡರ್ಸ್ ಕೈಯಲ್ಲಿ ಉಳಿದದ್ದು ಯಾರೂ ಕೊಳ್ಳದ ಷೇರಿನ ರಾಶಿ, ತಲೆ ಮೇಲೆ ದೊಡ್ಡ ಸಾಲ. ಅದೇ ಆಗಸ್ಟ್‌ನಲ್ಲಿ ಕಂಪನಿ ಬಿಟ್ಟು ಹೊರಗೆ ಬಂದ. ಆಸ್ತಿಯೆಲ್ಲ ಹೋಯಿತು. ಪಿಂಕ್ ಪ್ಯಾಲೇಸಿನ ಕೆಲಸ ಮುಗಿಯುವ ಮೊದಲೇ ಅದು ಬೇರೆಯವರ ಪಾಲಾಯಿತು. ಕೊನೆಗೆ ಊರಿನ ಮ್ಯೂಸಿಯಂ ಆಯಿತು. ಒಡೆಯ ಇಲ್ಲದೆಯೂ ಪಿಗ್ಲಿ ವಿಗ್ಲಿ ಬೆಳೆಯಿತು: 1932ರಲ್ಲಿ 2660 ಅಂಗಡಿಗಳು. ಆತ ಬರೆದ ವ್ಯವಸ್ಥೆ ಅಷ್ಟು ಗಟ್ಟಿಯಾಗಿತ್ತು, ನಡೆಸೋಕೆ ಆತನೂ ಬೇಕಾಗಲಿಲ್ಲ!

ಸಾಂಡರ್ಸ್ ಸುಮ್ಮನೆ ಕೂರುವ ಆಸಾಮಿಯಲ್ಲ. ಇನ್ನೊಂದು ಅಂಗಡಿ ಸರಪಳಿ ಶುರುಮಾಡಿದ. ಅದರ ಹೆಸರಿನ ಅರ್ಥ, ಕ್ಲಾರೆನ್ಸ್ ಸಾಂಡರ್ಸ್, ನನ್ನ ಹೆಸರಿಗೆ ನಾನೊಬ್ಬನೇ ಒಡೆಯ. ಬೋರ್ಡಿನ ಮೇಲೆ ಅಷ್ಟನ್ನೂ ಬರೆಸಿದ್ದ. ಅದೇ ಹೆಸರಿನ ಫುಟ್‌ಬಾಲ್ ತಂಡ ಕಟ್ಟಿದ. ಅದು 1929ರಲ್ಲಿ ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಗ್ರೀನ್ ಬೇ ಪ್ಯಾಕರ್ಸ್ ತಂಡವನ್ನೇ ಸೋಲಿಸಿತ್ತು. ಆದರೆ ಹಿಂದೆಯೇ ಬಂದ ಆರ್ಥಿಕ ಮಹಾಕುಸಿತದಲ್ಲಿ ಆ ಅಂಗಡಿಗಳೂ ಮುಳುಗಿದವು. ಎರಡನೇ ಸಲ ದಿವಾಳಿ. ವಯಸ್ಸು ಐವತ್ತರ ಹತ್ತಿರ.

ಕೀಡೂಝಲ್

ಇಲ್ಲಿಂದ ಮುಂದಿನ ಕಥೆ ನಮಗೆ ಹೆಚ್ಚು ಸಂಬಂಧಪಟ್ಟದ್ದು. 1916ರಲ್ಲಿ ಕೌಂಟರ್ ಹುಡುಗನ ಕೆಲಸ ತೆಗೆದದ್ದಾಯಿತು. ಉಳಿದದ್ದು ಶೆಲ್ಫ್ ತುಂಬುವವರು ಮತ್ತು ಕೊನೆಯ ಮೇಜಿನವರು. ಸಾಲು ನಿಲ್ಲುತ್ತಿದ್ದದ್ದೂ ಆ ಮೇಜಿನ ಮುಂದೆಯೇ. ಹಾಗಾದರೆ ಅದನ್ನೂ ಯಂತ್ರದಿಂದ ಮಾಡಿಸಿದರೆ?

1937ರಲ್ಲಿ ಮೆಂಫಿಸ್‌ನಲ್ಲಿ ಕೀಡೂಝಲ್ ತೆರೆಯಿತು. ಕೀಲಿಯೇ ಎಲ್ಲ ಮಾಡುತ್ತೆ ಅನ್ನುವ ಇಂಗ್ಲಿಷ್ ಮಾತನ್ನ ತಿರುಚಿ ಮಾಡಿದ ಹೆಸರು. ಒಳಗೆ ಹೋದರೆ ಸಾಮಾನಿನ ಒಂದೊಂದು ಮಾದರಿ ಗಾಜಿನ ಹಿಂದೆ. ಗ್ರಾಹಕರ ಕೈಗೆ ಪುಟ್ಟ ಪಿಸ್ತೂಲಿನ ಆಕಾರದ ಕೀಲಿ. ಬೇಕಾದ ಸಾಮಾನಿನ ಕೆಳಗಿನ ತೂತಿಗೆ ಕೀಲಿ ಹಾಕಿ ಎಷ್ಟು ಸಲ ಒತ್ತುತ್ತೀರೋ ಅಷ್ಟು ಬೇಕು ಅಂತ ಅರ್ಥ. ಅದು ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ದಾಖಲಾಗುತ್ತೆ. ಹಿಂದಿನ ಕೋಣೆಯಲ್ಲಿ ಯಂತ್ರಗಳು ಸಾಮಾನು ಬೀಳಿಸುತ್ತವೆ, ಕನ್ವೇಯರ್ ಬೆಲ್ಟ್ ಅದನ್ನ ಬಾಗಿಲ ಹತ್ತಿರ ತರುತ್ತೆ. ನೀವು ಹೋಗಿ ಪಟ್ಟಿ ಕೊಟ್ಟರೆ ಯಂತ್ರ ಅದನ್ನ ಓದಿ ಬಿಲ್ ಮಾಡುತ್ತೆ. ಡಬ್ಬಿಯಲ್ಲಿ ತುಂಬಿದ ಸಾಮಾನು ತಗೊಂಡು ಮನೆಗೆ. ಇದು 1937ರ ಮಾತು ಅನ್ನೋದನ್ನ ಮರೀಬೇಡಿ. ಟ್ರಾನ್ಸಿಸ್ಟರ್ ಹುಟ್ಟೋಕೆ ಇನ್ನೂ ಹತ್ತು ವರ್ಷ ಇತ್ತು.

ಯಂತ್ರ ಕೈಕೊಟ್ಟಿತು. ಬಿಡುವಿನ ಹೊತ್ತಲ್ಲಿ ಚೆನ್ನಾಗಿ ನಡೆಯುತ್ತಿತ್ತು, ಜನ ಒಟ್ಟಿಗೆ ನುಗ್ಗಿದಾಗ ಸರ್ಕ್ಯೂಟುಗಳು ತಾಳುತ್ತಿರಲಿಲ್ಲ. ಒಬ್ಬರ ಸಾಮಾನು ಇನ್ನೊಬ್ಬರದ್ದಕ್ಕೆ ಸೇರುತ್ತಿತ್ತು. ರಿಪೇರಿ ಖರ್ಚು ಬೇರೆ. ಬಿಡದೆ ಮತ್ತೆ ಪ್ರಯತ್ನಿಸಿದ. ಸುಧಾರಿಸಿದ ಯಂತ್ರದೊಂದಿಗೆ 1948ರಲ್ಲಿ ತೆರೆದದ್ದೂ 1949ಕ್ಕೆ ಮುಚ್ಚಿತು. ಒಟ್ಟು ಮೂರು ಸಲ ಕಟ್ಟಿದ, ಮೂರು ಸಲವೂ ಸೋತ.

ಯಾಕೆ ಸೋತ? ಆ ಕಾಲದ ತಂತ್ರಜ್ಞಾನ ಸಾಲದಾಗಿತ್ತು ಅನ್ನೋದು ನಿಜ. ಆದರೆ ವಿನ್ಯಾಸದಲ್ಲೇ ಒಂದು ಎಡವಟ್ಟು ಕಾಣುತ್ತೆ. ಪಿಗ್ಲಿ ವಿಗ್ಲಿಯಲ್ಲಿ ನಲವತ್ತು ಗ್ರಾಹಕರು ಅಂದರೆ ಎಂಬತ್ತು ಕೈ, ಎಂಬತ್ತು ಕಾಲು. ಜನ ಹೆಚ್ಚಾದಷ್ಟೂ ದುಡಿಯುವ ಕೈಗಳೂ ಹೆಚ್ಚು. ಕೀಡೂಝಲ್‌ನಲ್ಲಿ ಸಾಮಾನು ತೆಗೆಯುವ ಕೆಲಸ ಗ್ರಾಹಕರಿಂದ ಮತ್ತೆ ಅಂಗಡಿಯ ಕಡೆಗೆ ಹೋಯಿತು. ಎಲ್ಲರ ಆರ್ಡರೂ ಅದೇ ಯಂತ್ರ, ಅದೇ ಬೆಲ್ಟಿನ ಮೇಲೆ ಬರಬೇಕು. ಅಂದರೆ 1916ರಲ್ಲಿ ತಾನೇ ಕಿತ್ತುಹಾಕಿದ ಬಾಟಲ್‌ನೆಕ್ಕನ್ನ ವಿದ್ಯುತ್ತಿನಿಂದ ಮತ್ತೆ ಕಟ್ಟಿದ ಹಾಗಾಯಿತು. ಜೊತೆಗೆ ಹಳೆಯ ಹುಡುಗನಿಗಿದ್ದ ಒಂದು ಗುಣ ಯಂತ್ರಕ್ಕಿರಲಿಲ್ಲ. ತಪ್ಪಾದರೆ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಸಕ್ಕರೆ ಬದಲು ಉಪ್ಪು ಬಂದರೆ ಸರಿಮಾಡೋಕೆ ಮತ್ತೆ ಮನುಷ್ಯನೇ ಬೇಕು.

ಕೊನೆಯ ಯೋಜನೆ

ಈ ಸಲ ಸಾಂಡರ್ಸ್ ಕೆಲಸವನ್ನ ಮತ್ತೆ ಗ್ರಾಹಕನಿಗೇ ಕೊಟ್ಟ. ಹೊಸ ಅಂಗಡಿಯ ಹೆಸರು ಫುಡ್‌ಎಲೆಕ್ಟ್ರಿಕ್. ಇದರಲ್ಲಿ ಗ್ರಾಹಕರ ಕೈಗೆ ಲೆಕ್ಕ ಮಾಡುವ ಒಂದು ಯಂತ್ರ ಕೊಡುವ ಯೋಚನೆ. ಸಾಮಾನು ತಾನೇ ತೆಗೆದುಕೊಳ್ಳಬೇಕು, ಮೊತ್ತ ತಾನೇ ಕೂಡಿಸಬೇಕು, ತಾನೇ ಕಟ್ಟಿಕೊಳ್ಳಬೇಕು. ಪ್ರತಿ ಗ್ರಾಹಕನೂ ತನಗೆ ತಾನೇ ಕ್ಯಾಷಿಯರ್. 20 ಲಕ್ಷ ಡಾಲರ್ ವಹಿವಾಟನ್ನ ಎಂಟೇ ಜನ ನೌಕರರಿಂದ ನಡೆಸಬಹುದು ಅಂತ ಹೇಳಿಕೊಂಡಿದ್ದ. ಮೊದಲ ಪಿಗ್ಲಿ ವಿಗ್ಲಿ ಇದ್ದ ಜಾಗದ ಹತ್ತಿರದಲ್ಲೇ ಅದನ್ನ ತೆರೆಯುವ ಯೋಜನೆ ಇತ್ತು.

ಅದು ತೆರೆಯಲೇ ಇಲ್ಲ. 1953ರ ಅಕ್ಟೋಬರ್‌ನಲ್ಲಿ, 72ನೇ ವಯಸ್ಸಿನಲ್ಲಿ ಸಾಂಡರ್ಸ್ ಮೆಂಫಿಸ್‌ನಲ್ಲಿ ತೀರಿಕೊಂಡ. ಹಣ ಬಂದು ಹೋದವನು, ಹೆಸರು ಮಾತ್ರ ಉಳಿಸಿಕೊಂಡವನು.

ಆತ ಹೋದ ಮೇಲೆ

ಆತನಿಗೆ ಸಿಗದೆ ಹೋದದ್ದು ಒಂದು ಸಣ್ಣ ವಸ್ತು: ಸಾಮಾನು ತನ್ನ ಗುರುತನ್ನ ತಾನೇ ಹೇಳುವ ಉಪಾಯ. ಅದು 1974ರ ಜೂನ್ 26ರಂದು ಬಂತು. ಓಹಾಯೋ ರಾಜ್ಯದ ಟ್ರಾಯ್ ಊರಿನ ಮಾರ್ಷ್ ಸೂಪರ್ ಮಾರ್ಕೆಟ್ಟಿನಲ್ಲಿ ರಿಗ್ಲಿ ಕಂಪನಿಯ ಚೂಯಿಂಗ್ ಗಮ್ ಪ್ಯಾಕೆಟ್ಟಿನ ಬಾರ್‌ಕೋಡ್ ಸ್ಕ್ಯಾನ್ ಆಯಿತು, 67 ಸೆಂಟ್ ಬಿಲ್ ಬಂತು. ಬೆಲೆ ನೆನಪಿಟ್ಟುಕೊಳ್ಳುವ, ಬೇಗ ಬೇಗ ಟೈಪ್ ಮಾಡುವ ಕ್ಯಾಷಿಯರ್‌ನ ಕೈಚಳಕಕ್ಕೆ ಅಲ್ಲಿಗೆ ಬೆಲೆ ಕಡಿಮೆಯಾಯಿತು. 1986ರಲ್ಲಿ ಅಟ್ಲಾಂಟಾ ಹತ್ತಿರದ ಒಂದು ಕ್ರೋಗರ್ ಅಂಗಡಿಯಲ್ಲಿ ಗ್ರಾಹಕರೇ ಸ್ಕ್ಯಾನ್ ಮಾಡುವ ಚೆಕ್‌ರೋಬೋಟ್ ಯಂತ್ರ ಬಂತು. ಅದರಲ್ಲೂ ದುಡ್ಡು ತಗೊಳ್ಳೋಕೆ ಒಬ್ಬ ಕ್ಯಾಷಿಯರ್ ಕೂತಿದ್ದರು.

ಅಮೆರಿಕದಲ್ಲಿ 2023ರಲ್ಲೂ ಸುಮಾರು 33 ಲಕ್ಷ ಜನ ಕ್ಯಾಷಿಯರ್ ಕೆಲಸದಲ್ಲಿದ್ದರು. 2023ರಿಂದ ಹತ್ತು ವರ್ಷಗಳಲ್ಲಿ ಅದರಲ್ಲಿ ಸುಮಾರು ಹತ್ತನೇ ಒಂದು ಪಾಲು ಕಡಿಮೆಯಾಗಬಹುದು ಅಂತ ಅಲ್ಲಿನ ಸರ್ಕಾರದ ಅಂದಾಜು. ಅಂದರೆ ಒಂದೇ ಏಟಿಗೆ ಹೋಗುವ ಕೆಲಸ ಅಲ್ಲ, ಸವೆಯುತ್ತಾ ಹೋಗುವ ಕೆಲಸ. ಉಳಿದವರ ಕೆಲಸವೂ ಬದಲಾಗಿದೆ. ಒಬ್ಬರು ನಾಲ್ಕಾರು ಯಂತ್ರ ನೋಡಿಕೊಳ್ಳಬೇಕು. ತೂಕ ತಾಳೆಯಾಗದೆ ಕೆಂಪು ದೀಪ ಹತ್ತಿದ ಕಡೆ ಓಡಬೇಕು. ಬಿಡಿ ತರಕಾರಿಯ ಕೋಡ್ ಗೊತ್ತಾಗದವರಿಗೆ ಹೇಳಿಕೊಡಬೇಕು. ಸ್ಕ್ಯಾನ್ ಮಾಡದೆ ಹೊರಟವರನ್ನ ತಡೆಯುವ ಮುಜುಗರದ ಕೆಲಸವೂ ಅವರದ್ದೇ. ಸಾಂಡರ್ಸ್‌ನ ಗ್ಯಾಲರಿಯಲ್ಲಿ ನಿಂತವರು ಈಗ ಕೆಳಗಿಳಿದು ಗ್ರಾಹಕರ ಪಕ್ಕದಲ್ಲೇ ನಿಂತಿದ್ದಾರೆ.

ಎಲ್ಲ ಕಡೆ ಯಂತ್ರವೇ ಗೆಲ್ಲುತ್ತಿದೆ ಅಂತಲೂ ಇಲ್ಲ. ಉತ್ತರ ಇಂಗ್ಲೆಂಡಿನ ಬೂತ್ಸ್ ಅನ್ನುವ ಕಂಪನಿ 2023ರಲ್ಲಿ ತನ್ನ 28 ಅಂಗಡಿಗಳಲ್ಲಿ ಎರಡನ್ನ ಬಿಟ್ಟು ಉಳಿದೆಲ್ಲ ಕಡೆ ಸೆಲ್ಫ್ ಚೆಕ್‌ಔಟ್ ತೆಗೆಯುವುದಾಗಿ ಹೇಳಿತು. ಬಿಲ್ ಕೌಂಟರೇ ಇಲ್ಲದೆ, ಕ್ಯಾಮೆರಾಗಳೇ ಲೆಕ್ಕ ಹಾಕುವ ವ್ಯವಸ್ಥೆಯನ್ನ ಅಮೆಜಾನ್ 2024ರಲ್ಲಿ ಅಮೆರಿಕದ ತನ್ನ ಫ್ರೆಶ್ ಅಂಗಡಿಗಳಿಂದ ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಆ ಕ್ಯಾಮೆರಾಗಳ ಹಿಂದೆ ಭಾರತದಲ್ಲಿ ಕೂತ ಸಾವಿರಕ್ಕೂ ಹೆಚ್ಚು ಜನ ವಿಡಿಯೊ ನೋಡುತ್ತಿದ್ದರು ಅಂತ ಆಗ ಸುದ್ದಿಯಾಯಿತು. ಅವರು ಎಷ್ಟು ಖರೀದಿಗಳನ್ನ ಪರಿಶೀಲಿಸುತ್ತಿದ್ದರು ಅನ್ನೋದರ ಬಗ್ಗೆ ಪತ್ರಿಕೆಯವರ ಮಾತನ್ನ ಕಂಪನಿ ಒಪ್ಪಲಿಲ್ಲ. ಆದರೆ ಮನುಷ್ಯರು ನೋಡುತ್ತಿದ್ದದ್ದು ನಿಜ ಅಂತ ಅದೂ ಒಪ್ಪಿತು. ಅಂಗಡಿಯಲ್ಲಿ ಕಾಣದಂತೆ ಮಾಡಿದ ಕೆಲಸ ಸಮುದ್ರದಾಚೆ ಇನ್ನೊಬ್ಬರ ಕಂಪ್ಯೂಟರ್ ಮುಂದೆ ಕೂತಿತ್ತು.

ನಮ್ಮ ಪಾಲಿಗೆ

ನಮ್ಮಲ್ಲಿ ಕೂಲಿ ಅಗ್ಗ, ಯಂತ್ರ ತುಟ್ಟಿ. ಹಾಗಾಗಿ ತಾಲ್ಲೂಕು ಪಟ್ಟಣಗಳ ಮಾರ್ಟುಗಳಲ್ಲಿ ಬಿಲ್ ಕೌಂಟರಿನ ಹಿಂದೆ ಇನ್ನೂ ಮನುಷ್ಯರೇ ಇದ್ದಾರೆ. ಪಿಯುಸಿ, ಡಿಗ್ರಿ ಮುಗಿಸಿದ ಎಷ್ಟೋ ಹುಡುಗಿಯರಿಗೆ ಅದು ಮೊದಲ ಸಂಬಳ. ಆದರೆ ಯಂತ್ರದ ಬೆಲೆ ಇಳಿಯುತ್ತಲೇ ಇರುತ್ತೆ, ಅದನ್ನ ಇಳಿಸುವವರು ನಾವೇ. ಯಾವುದೇ ಕಾಲೇಜಿನ ಫೈನಲ್ ಇಯರ್ ಪ್ರಾಜೆಕ್ಟ್ ಪಟ್ಟಿ ತೆಗೆದು ನೋಡಿ, ಆರ್‌ಎಫ್‌ಐಡಿ ಹಾಕಿದ ಸ್ಮಾರ್ಟ್ ಟ್ರಾಲಿ ಅಂತ ಒಂದಾದರೂ ಕಣ್ಣಿಗೆ ಬೀಳುತ್ತೆ. ಟ್ರಾಲಿಗೆ ಸಾಮಾನು ಹಾಕಿದರೆ ಬಿಲ್ ತಾನೇ ಆಗುತ್ತೆ, ಕ್ಯೂ ಇಲ್ಲ. ಅದು ಸಾಂಡರ್ಸ್ ತೆರೆಯದೇ ಹೋದ ಫುಡ್‌ಎಲೆಕ್ಟ್ರಿಕ್ ಅಂಗಡಿಯೇ. ರಿಪೋರ್ಟಿನ ಅನುಕೂಲಗಳ ಪಟ್ಟಿಯಲ್ಲಿ ಕೆಲಸಗಾರರ ಅಗತ್ಯ ಕಡಿಮೆ ಅಂತ ಒಂದು ಸಾಲನ್ನ ನಾವು ಯೋಚನೆ ಮಾಡದೆ ಸೇರಿಸಿಬಿಡ್ತೀವಿ.

ಆ ಸಾಲು ಬರೆಯಬೇಡಿ ಅಂತ ಹೇಳ್ತಿಲ್ಲ. ಸಾಂಡರ್ಸ್ ಬದುಕು ನೋಡಿದರೆ ಆ ಸಾಲಿನ ಕೆಳಗೆ ಇನ್ನೂ ಮೂರು ಪ್ರಶ್ನೆ ಬರೆದುಕೊಳ್ಳಬೇಕು ಅನ್ನಿಸುತ್ತೆ. ಕಡಿಮೆಯಾದ ಕೆಲಸ ನಿಜವಾಗಿ ಇಲ್ಲವಾಯಿತಾ, ಇಲ್ಲ ಗ್ರಾಹಕನ ಕೈಗೋ ದೂರದ ಇನ್ಯಾರದೋ ಕೈಗೋ ಹೋಯಿತಾ? ಉಳಿದ ದುಡ್ಡು ಯಾರಿಗೆ ಸಿಕ್ಕಿತು? ಜನ ಒಟ್ಟಿಗೆ ನುಗ್ಗಿದಾಗ, ಯಂತ್ರ ತಪ್ಪಿದಾಗ ಸರಿಮಾಡುವ ಮನುಷ್ಯನಿಗೆ ಡಿಸೈನಿನಲ್ಲಿ ಜಾಗ ಇಟ್ಟಿದ್ದೀವಾ? 1916ರ ಅಂಗಡಿಯಲ್ಲಿ ಗ್ರಾಹಕನಿಗೆ ಪಾಲು ಸಿಕ್ಕಿತು, ಅದು ಗೆದ್ದಿತು. ಕೀಡೂಝಲ್‌ನಲ್ಲಿ ಮೂರನೇ ಪ್ರಶ್ನೆಗೆ ಉತ್ತರ ಇರಲಿಲ್ಲ, ಅದು ಸೋತಿತು. ಕೌಂಟರ್ ಹುಡುಗನಿಗೆ ಏನು ಸಿಕ್ಕಿತು ಅನ್ನೋದನ್ನ ಎರಡೂ ಸಲ ಯಾರೂ ಕೇಳಲಿಲ್ಲ, 14ನೇ ವಯಸ್ಸಿನಲ್ಲಿ ಅದೇ ಕೌಂಟರ್ ಹಿಂದೆ ನಿಂತಿದ್ದವನು ಕೂಡ.

ಮೆಂಫಿಸ್‌ನ ಆ ಗುಲಾಬಿ ಮಹಲಿನ ಮ್ಯೂಸಿಯಂ ಒಳಗೆ ಮೊದಲ ಪಿಗ್ಲಿ ವಿಗ್ಲಿ ಅಂಗಡಿಯ ಪ್ರತಿರೂಪ ಕಟ್ಟಿಟ್ಟಿದ್ದಾರೆ: ತಿರುಗುವ ಗೇಟು, ಶೆಲ್ಫುಗಳು, ಕೊನೆಯಲ್ಲಿ ಲೆಕ್ಕದ ಮೇಜು. ಮುಂದಿನ ವರ್ಷ ಸ್ಮಾರ್ಟ್ ಟ್ರಾಲಿ ಮಾಡುವ ಬ್ಯಾಚಿನವರು ವೈವಾಗೆ ಹೋಗುವ ಮುಂಚೆ ಆ ಮೇಜಿನ ಫೋಟೋ ಒಮ್ಮೆ ನೋಡಿಕೊಂಡು ಹೋಗಿ.